ಕಟ್ಟಡ ಕಾಮಗಾರಿಯ ಗುಣಮಟ್ಟ ನಿಯಂತ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕ್ಯೂಸಿ (ಗುಣಮಟ್ಟ ನಿಯಂತ್ರಣ) ಕೆಲಸ ವಹಿಸಿಕೊಂಡ ಎಂಜಿನಿಯರುಗಳು, ಸಣ್ಣ ಗುತ್ತಿಗೆದಾರರು, ಕಟ್ಟಿಸುವ ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆಗಳು ಕಾಂಕ್ರೀಟಿನವೇ ಜಾಸ್ತಿ. ಸೈಟ್‌ನಲ್ಲಿ ಜಗಳ ಜಾಸ್ತಿ ಆಗುವುದೂ ಅಲ್ಲೇ ಅಲ್ವಾ?

ಕ್ಯೂಎ, ಕ್ಯೂಸಿ ಎರಡೂ ಒಂದೇನಾ?

ಅಲ್ಲ. ಕೆಲಸ ಸರಿಯಾಗಿಯೇ ಆಗುತ್ತದೆ ಅನ್ನುವ ಭರವಸೆ ಕೊಡುವ ಏರ್ಪಾಡು ಕ್ಯೂಎ (ಕ್ವಾಲಿಟಿ ಅಶ್ಯೂರೆನ್ಸ್). ಕೆಲಸದ ವಿಧಾನ, ತರಬೇತಿ, ಆಡಿಟ್, ಯಾರಿಗೆ ಯಾವ ಅಧಿಕಾರ ಅನ್ನುವುದು ಅದರಲ್ಲಿ ಬರುತ್ತದೆ. ನಡೆಯುತ್ತಿರುವ ಕೆಲಸವನ್ನು ಅಳೆದು, ಪರೀಕ್ಷೆ ಮಾಡಿ, ಒಪ್ಪುವುದು ಅಥವಾ ತಳ್ಳುವುದು ಕ್ಯೂಸಿ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9000 ಕೂಡ ಇವನ್ನು ಗುಣಮಟ್ಟ ನಿರ್ವಹಣೆಯ ಬೇರೆ ಬೇರೆ ಭಾಗಗಳು ಅಂತಲೇ ಹೇಳುತ್ತದೆ. ಮಿಕ್ಸ್ ಡಿಸೈನ್‌ಗೆ (ಕಾಂಕ್ರೀಟಿಗೆ ಯಾವುದು ಎಷ್ಟು ಹಾಕಬೇಕು ಅನ್ನುವ ಲೆಕ್ಕಕ್ಕೆ) ಹೇಗೆ ಒಪ್ಪಿಗೆ ಪಡೆಯಬೇಕು ಅಂತ ನಿಯಮ ಮಾಡುವುದು ಕ್ಯೂಎ. ಕಾಂಕ್ರೀಟ್ ಲಾರಿ ಬಂದಾಗ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಗಟ್ಟಿ, ಎಷ್ಟು ಸಡಿಲ ಅನ್ನುವ ಅಳತೆ) ನೋಡುವುದು ಕ್ಯೂಸಿ. ಸಣ್ಣ ಸೈಟ್‌ನಲ್ಲಿ ಒಬ್ಬರೇ ಎರಡನ್ನೂ ನೋಡಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಡ್ರಾಯಿಂಗ್ ಇದೆ, ಅನುಭವಿ ಮೇಸ್ತ್ರಿ ಇದ್ದಾರೆ. ಮತ್ತೆ ಗುಣಮಟ್ಟದ ಯೋಜನೆ ಅಂತ ಬೇರೆ ಯಾಕೆ?

ಕಟ್ಟಡದಲ್ಲಿ ಬಹುಪಾಲು ಕೆಲಸ ಮುಚ್ಚಿಹೋಗುತ್ತದೆ. ಕಂಬಿ ಕಾಂಕ್ರೀಟಿನೊಳಗೆ, ಪೈಪ್ ಗೋಡೆಯೊಳಗೆ, ವಾಟರ್‌ಪ್ರೂಫಿಂಗ್ ಟೈಲ್ಸ್ ಕೆಳಗೆ. ಮುಚ್ಚಿದ ಮೇಲೆ ಒಡೆಯದೆ ನೋಡುವುದು ಕಷ್ಟ. ಹಾಗಾಗಿ ಯಾವುದನ್ನು, ಯಾವಾಗ, ಯಾರು ನೋಡಬೇಕು ಅಂತ ಮೊದಲೇ ಬರೆದಿಡಬೇಕು. ಯೋಜನೆ ಅಂದರೆ ಮುಖ್ಯವಾಗಿ ಅಷ್ಟೇ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2016ರ ಜನವರಿಯಲ್ಲಿ ಬಿರುಗಾಳಿಗೆ ಒಂದು ಪ್ರಾಥಮಿಕ ಶಾಲೆಯ ಹೊರಗೋಡೆ ಬಿತ್ತು. ಸುಮಾರು 9 ಟನ್ ಇಟ್ಟಿಗೆ ಕೆಳಗೆ ಬಂತು. ಶಾಲೆ ಶುರುವಾಗುವ ಮುಂಚಿನ ಹೊತ್ತಾದ್ದರಿಂದ ಮಕ್ಕಳು ಉಳಿದರು. ಆಮೇಲೆ ಆ ನಗರದಲ್ಲಿ ಅದೇ ಯೋಜನೆಯಡಿ ಕಟ್ಟಿದ 17 ಶಾಲೆಗಳನ್ನು ಮುಚ್ಚಿ ತಪಾಸಣೆ ಮಾಡಿದರು. ಎರಡು ಪದರದ ಗೋಡೆಯನ್ನು ಒಂದಕ್ಕೊಂದು ಹಿಡಿದಿಡುವ ಲೋಹದ ಟೈಗಳು ಹೊರಪದರದ ಗಾರೆಯೊಳಗೆ ಸಾಕಷ್ಟು ಆಳ ಹೋಗಿರಲಿಲ್ಲ. ಹೊರಗಿನಿಂದ ನೋಡಿದರೆ ಗೋಡೆ ನೆಟ್ಟಗೇ ಇತ್ತು. ಕಟ್ಟುವಾಗ ಪಕ್ಕದಲ್ಲಿ ನಿಂತು ಯಾರಾದರೂ ಒಂದು ಅಳತೆ ಹಿಡಿದಿದ್ದರೆ ಸಾಕಿತ್ತು. ಮರುವರ್ಷ ಬಂದ ತನಿಖಾ ವರದಿಯೂ ಮೇಲ್ವಿಚಾರಣೆಯ ಕೊರತೆಯನ್ನೇ ದೂರಿತು.

ಯೋಜನೆಯಲ್ಲಿ ಏನೇನು ಇರಬೇಕು?

ದಪ್ಪ ಫೈಲ್ ಬೇಕಿಲ್ಲ. ಹಳೆಯ ಪ್ರಾಜೆಕ್ಟ್‌ನ ಯೋಜನೆಯನ್ನು ಹೆಸರು ಬದಲಿಸಿ ಸಲ್ಲಿಸುವುದು ನಮ್ಮ ಕ್ಷೇತ್ರದ ಹಳೇ ರೋಗ. ಸೇತುವೆ ಕೆಲಸದ ಯೋಜನೆಯಲ್ಲಿ ಟೈಲ್ಸ್ ಚೆಕ್‌ಲಿಸ್ಟ್ ಸಿಕ್ಕರೆ ಅದನ್ನು ಯಾರೂ ಓದಿಲ್ಲ ಅಂತ ಗೊತ್ತಾಗುತ್ತದೆ.

ನಿಜಕ್ಕೂ ಬೇಕಾದದ್ದು ಇಷ್ಟು. ಈ ಕೆಲಸಕ್ಕೆ ಯಾವ ಕೋಡ್, ಯಾವ ಸ್ಪೆಸಿಫಿಕೇಷನ್ ಅನ್ವಯಿಸುತ್ತದೆ. ಯಾರು ಯಾವುದಕ್ಕೆ ಹೊಣೆ, ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ. ಪ್ರತಿ ಕೆಲಸದ ತಪಾಸಣೆ ಮತ್ತು ಪರೀಕ್ಷೆಯ ಪಟ್ಟಿ. ಯಾವ ಲ್ಯಾಬ್, ಉಪಕರಣಗಳ ಕ್ಯಾಲಿಬ್ರೇಷನ್ ಹೇಗೆ. ತಪ್ಪು ಸಿಕ್ಕರೆ ಮುಂದಿನ ಹೆಜ್ಜೆ ಏನು. ಡ್ರಾಯಿಂಗ್‌ನ ಹಳೆಯ ರಿವಿಷನ್ ಸೈಟ್‌ನಿಂದ ವಾಪಸ್ ಪಡೆಯುವವರು ಯಾರು. ಈ ಕೊನೆಯದನ್ನು ಎಷ್ಟೋ ಕಡೆ ಮರೆಯುತ್ತಾರೆ. ಆಮೇಲೆ ಬಾರ್ ಬೆಂಡರ್ ಕೈಯಲ್ಲಿ ಒಂದು ರಿವಿಷನ್, ಕ್ಯೂಸಿ ಕೈಯಲ್ಲಿ ಇನ್ನೊಂದು.

ಐಟಿಪಿ ಅಂದರೆ ಏನು? ಹೋಲ್ಡ್ ಪಾಯಿಂಟ್, ವಿಟ್ನೆಸ್ ಪಾಯಿಂಟ್ ಅಂದರೆ?

ತಪಾಸಣೆ ಮತ್ತು ಪರೀಕ್ಷೆಯ ಪಟ್ಟಿಗೇ ಐಟಿಪಿ (ಇನ್‌ಸ್ಪೆಕ್ಷನ್ ಅಂಡ್ ಟೆಸ್ಟ್ ಪ್ಲಾನ್) ಅನ್ನುತ್ತಾರೆ. ಒಂದೊಂದು ಸಾಲಿನಲ್ಲಿ ಏನು ನೋಡಬೇಕು, ಯಾವ ಹಂತದಲ್ಲಿ, ಎಷ್ಟಕ್ಕೊಂದು ಸಲ, ಎಷ್ಟು ಹೆಚ್ಚುಕಡಿಮೆ ಒಪ್ಪಬಹುದು, ಯಾರು ಸಹಿ ಹಾಕಬೇಕು ಅಂತ ಇರುತ್ತದೆ. ಇದರಲ್ಲಿ ಒಪ್ಪುವ ಮಿತಿಯ ಕಾಲಂ ಮುಖ್ಯ. ಅಲ್ಲಿ "ಡ್ರಾಯಿಂಗ್ ಪ್ರಕಾರ" ಅಂತಲೋ "ಸಮಾಧಾನಕರ" ಅಂತಲೋ ಬರೆದು ಬಿಟ್ಟರೆ ಜಗಳಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಅಂಕಿ ಬರೆಯಿರಿ.

ಹೋಲ್ಡ್ ಪಾಯಿಂಟ್ ಅಂದರೆ ಸಹಿ ಬೀಳುವವರೆಗೂ ಮುಂದಿನ ಕೆಲಸ ನಿಲ್ಲಬೇಕು. ವಿಟ್ನೆಸ್ ಪಾಯಿಂಟ್ ಅಂದರೆ ಸಂಬಂಧಪಟ್ಟವರಿಗೆ ಮೊದಲೇ ತಿಳಿಸಬೇಕು. ಹೇಳಿದ ಹೊತ್ತಿಗೆ ಅವರು ಬರದಿದ್ದರೆ ಕೆಲಸ ಮುಂದುವರಿಸಬಹುದು. ನೋಟಿಸ್ ಎಷ್ಟು ಗಂಟೆ ಮುಂಚೆ ಕೊಡಬೇಕು ಅಂತ ಒಪ್ಪಂದದಲ್ಲೇ ಇರಲಿ.

ಎಷ್ಟು ಹೋಲ್ಡ್ ಪಾಯಿಂಟ್ ಇಡಬೇಕು? ಎಲ್ಲದಕ್ಕೂ ಇಟ್ಟರೆ ಆಯ್ತಲ್ಲ?

ಎಲ್ಲದಕ್ಕೂ ಇಟ್ಟರೆ ಯಾವುದಕ್ಕೂ ಬೆಲೆ ಇರುವುದಿಲ್ಲ. ಸಹಿ ಹಾಕುವವರು ಸೈಟ್‌ಗೆ ಹೋಗದೆ ಕೂತಲ್ಲೇ ಹಾಕತೊಡಗುತ್ತಾರೆ. ನಾನು ಕೇಳಿಕೊಳ್ಳುವುದು ಎರಡೇ. ಇದು ಮುಚ್ಚಿಹೋಗುತ್ತದೆಯೇ? ತಪ್ಪಾದರೆ ಸರಿಪಡಿಸಲು ಒಡೆಯಬೇಕಾಗುತ್ತದೆಯೇ? ಎರಡಕ್ಕೂ ಹೌದು ಅಂತ ಬಂದರೆ ಹೋಲ್ಡ್ ಪಾಯಿಂಟ್. ಅಡಿಪಾಯದ ತಳದ ಮಣ್ಣು, ಕಾಂಕ್ರೀಟ್ ಹಾಕುವ ಮುಂಚಿನ ಕಂಬಿ, ಮಣ್ಣು ಮುಚ್ಚುವ ಮುಂಚೆ ಪೈಪ್‌ನ ಒತ್ತಡ ಪರೀಕ್ಷೆ, ಟೈಲ್ಸ್ ಮುಂಚೆ ನೀರು ನಿಲ್ಲಿಸಿ ನೋಡುವ ಪರೀಕ್ಷೆ, ಇವೆಲ್ಲ ಆ ಸಾಲಿಗೆ ಸೇರುತ್ತವೆ. ಬಣ್ಣದ ಎರಡನೇ ಕೋಟ್‌ಗೆ ಹೋಲ್ಡ್ ಪಾಯಿಂಟ್ ಯಾಕೆ?

ಪ್ರತಿ ಕೆಲಸ ಶುರುವಾಗುವ ಮುಂಚೆ ಏನು ಮಾಡಬೇಕು?

ಅಮೆರಿಕದ ಸೇನಾ ಎಂಜಿನಿಯರುಗಳ ಕೋರ್ ತನ್ನ ಕಾಮಗಾರಿಗಳಲ್ಲಿ ಮೂರು ಹಂತದ ಕ್ರಮ ಪಾಲಿಸುತ್ತದೆ. ಸಣ್ಣ ಕೆಲಸಕ್ಕೂ ಅದು ಹೊಂದುತ್ತದೆ. ಮೊದಲನೆಯದು ತಯಾರಿ ಹಂತ. ಡ್ರಾಯಿಂಗ್, ಒಪ್ಪಿಗೆಯಾದ ಸಾಮಗ್ರಿ, ಪರೀಕ್ಷೆಗಳ ಪಟ್ಟಿ ಎಲ್ಲವನ್ನೂ ಕೆಲಸ ಮಾಡುವ ತಂಡದ ಜೊತೆಗೇ ಕೂತು ನೋಡುವುದು. ಎರಡನೆಯದು ಆರಂಭದ ಹಂತ. ಮೊದಲ ತುಂಡು ಕೆಲಸ ಆಗುವಾಗ ಎಲ್ಲರೂ ನಿಂತು ನೋಡಿ, ಮುಂದಿನದ್ದಕ್ಕೆ ಇದೇ ಮಟ್ಟ ಅಂತ ಒಪ್ಪಿಕೊಳ್ಳುವುದು. ಮೂರನೆಯದು ದಿನನಿತ್ಯದ ತಪಾಸಣೆ.

ಇದರಲ್ಲಿ ಎರಡನೇ ಹಂತವನ್ನು ಬಿಡಲೇಬೇಡಿ. ಮೊದಲ ಕೋಣೆಯ ಪ್ಲಾಸ್ಟರಿಂಗ್, ಮೊದಲ ಕಾಲಂ, ಮೊದಲ ಬಾತ್‌ರೂಮ್. ಅಲ್ಲೇ ಸರಿ ಮಾಡಿಸಿದರೆ ಮೇಸ್ತ್ರಿಗೂ ನಿಮಗೆ ಏನು ಬೇಕು ಅಂತ ಕಣ್ಣಾರೆ ಗೊತ್ತಾಗುತ್ತದೆ. ಹತ್ತನೇ ಕೋಣೆಯಲ್ಲಿ ಹೇಳಿದರೆ "ಇಷ್ಟು ದಿನ ಸುಮ್ನೆ ಇದ್ದು ಈಗ ಹೇಳ್ತೀರಲ್ಲ ಸಾರ್" ಅಂತಾರೆ. ಅವರು ಹೇಳುವುದರಲ್ಲೂ ನ್ಯಾಯ ಇದೆ.

ಕ್ಯೂಸಿ ಎಂಜಿನಿಯರ್ ಪ್ರಾಜೆಕ್ಟ್ ಮ್ಯಾನೇಜರ್ ಕೈಕೆಳಗೆ ಇರಬಹುದಾ?

ದಿನದ ಕೆಲಸದ ಮಟ್ಟಿಗೆ ಇರಬಹುದು. ಆದರೆ ತಪ್ಪು ಕಂಡರೆ ಅವರನ್ನು ದಾಟಿ ಮೇಲಿನವರಿಗೆ ನೇರವಾಗಿ ಹೇಳುವ ದಾರಿ ಇರಲೇಬೇಕು. ಅವಧಿಗೆ ಕೆಲಸ ಮುಗಿಸುವ ಒತ್ತಡ ಇರುವವರೇ ಕೆಲಸ ನಿಲ್ಲಿಸಬೇಕೋ ಬೇಡವೋ ಅಂತ ತೀರ್ಮಾನಿಸಿದರೆ ಫಲ ಏನು ಅಂತ ಹೇಳಬೇಕಿಲ್ಲ.

ಸಾಮಗ್ರಿ ಸೈಟ್‌ಗೆ ಬಂದಾಗ ಏನು ನೋಡಬೇಕು?

ಸರ್ಟಿಫಿಕೇಟ್ ಇದೆಯೇ ಅನ್ನುವುದಕ್ಕಿಂತ, ಈ ಸರ್ಟಿಫಿಕೇಟ್ ಈ ಮಾಲಿನದ್ದೇ ಹೌದಾ ಅನ್ನುವುದನ್ನು ನೋಡಿ. ಕಂಬಿ ಕಟ್ಟಿನ ಟ್ಯಾಗ್‌ನಲ್ಲಿರುವ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ) ಮಿಲ್ ಸರ್ಟಿಫಿಕೇಟ್‌ನಲ್ಲಿರುವುದಕ್ಕೆ ತಾಳೆ ಆಗಬೇಕು. ಒಂದು ಮೀಟರ್ ಕತ್ತರಿಸಿ ತೂಕ ಹಾಕಿ. ವ್ಯಾಸವನ್ನು ಮಿಲಿಮೀಟರ್‌ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಮಿಮೀ ಕಂಬಿಗೆ ಸುಮಾರು 0.89 ಕೆಜಿ. ಕೋಡ್ ಒಪ್ಪುವ ಮಿತಿಗಿಂತ ಕಡಿಮೆ ಬಂದರೆ ಲಾರಿ ವಾಪಸ್.

ಸಿಮೆಂಟ್ ಚೀಲದ ಮೇಲಿನ ವಾರ, ತಿಂಗಳು ನೋಡಿ. ಮೂರು ತಿಂಗಳಿಗಿಂತ ಹಳೆಯದಾದರೆ ಮತ್ತೆ ಪರೀಕ್ಷೆ ಮಾಡದೆ ಬಳಸಬೇಡಿ. ಇನ್ನು ಮರಳು. ತೇವದ ಮರಳು ಉಬ್ಬುತ್ತದೆ. ಶೇ. 5ರಷ್ಟು ತೇವ ಇದ್ದರೆ ಗಾತ್ರ ಶೇ. 25ರವರೆಗೂ ಏರಬಹುದು, ನಯವಾದ ಮರಳಾದರೆ ಇನ್ನೂ ಜಾಸ್ತಿ. ಬಾಂಡ್ಲಿಯಲ್ಲೋ ಬಾಕ್ಸ್‌ನಲ್ಲೋ ಅಳೆದು ಹಾಕುವವರು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮಿಕ್ಸ್‌ನಲ್ಲಿ ಮರಳು ಕಡಿಮೆ ಬೀಳುತ್ತದೆ. ಸಾಧ್ಯವಾದಷ್ಟೂ ತೂಕದಲ್ಲೇ ಅಳೆಯಿರಿ.

ಸ್ಲಾಬ್ ಹಾಕುವ ಮುಂಚೆ ಮುಖ್ಯವಾಗಿ ಏನು ನೋಡುತ್ತೀರಿ?

ಕಂಬಿಯ ವ್ಯಾಸ, ಅಂತರವನ್ನು ಎಲ್ಲರೂ ನೋಡುತ್ತಾರೆ. ಕಣ್ತಪ್ಪುವುದು ಬೇರೆ.

ಒಂದು, ಕವರ್. ಕಂಬಿಯಿಂದ ಕಾಂಕ್ರೀಟ್‌ನ ಹೊರಮೈವರೆಗಿನ ದಪ್ಪ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಂಬಿ ಮುಟ್ಟಿದರೆ ತುಕ್ಕಿಗೆ ದಾರಿಯಾಗುತ್ತದೆ. ಅದು ಕಾಂಕ್ರೀಟ್ ಒಳಗೆ ಇಳಿಯುವ ಆಳ, ಕಳೆದ ವರ್ಷಗಳ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಅಂದರೆ ಕವರ್ ಅರ್ಧಕ್ಕಿಳಿದರೆ ಅದು ಕಂಬಿ ಮುಟ್ಟಲು ಬೇಕಾದ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ತುರುಕುವುದನ್ನು ನೋಡಿದಾಗೆಲ್ಲ ಈ ಲೆಕ್ಕ ನೆನಪಿಸಿಕೊಳ್ಳಿ.

ಎರಡು, ಮೇಲ್ಕಂಬಿ. ಬಾಲ್ಕನಿಯಂತೆ ಒಂದೇ ಕಡೆ ಆಧಾರ ಇರುವ ಸ್ಲಾಬ್‌ನಲ್ಲಿ ಭಾರ ಹೊರುವುದು ಮೇಲಿನ ಕಂಬಿ. ಕೆಲಸದವರು ತುಳಿದಾಡಿ ಅದು ಕೆಳಗೆ ಕೂತರೆ ಡ್ರಾಯಿಂಗ್‌ನಲ್ಲಿ ಇದ್ದಷ್ಟೇ ಕಂಬಿ ಇದ್ದರೂ ಉಪಯೋಗವಿಲ್ಲ. ಗಟ್ಟಿ ಚೇರ್ (ಮೇಲ್ಕಂಬಿ ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ) ಇಡಿಸಿ, ಓಡಾಡಲು ಹಲಗೆ ಹಾಕಿಸಿ. ಕಾಂಕ್ರೀಟ್ ಹಾಕುತ್ತಿರುವಾಗಲೂ ಒಬ್ಬರು ಅದನ್ನೇ ಗಮನಿಸುತ್ತಿರಲಿ.

ಉಳಿದದ್ದು ಶಟರಿಂಗ್ ಸಂದಿ, ಪ್ರಾಪ್‌ಗಳ ತಳ, ಎಲೆಕ್ಟ್ರಿಕಲ್ ಪೈಪ್‌ಗಳು ಒಂದೇ ಕಡೆ ಗುಂಪಾಗಿವೆಯೇ, ಒಳಗೆ ಕಸ ಇದೆಯೇ, ಕಾಂಕ್ರೀಟನ್ನು ಅದುರಿಸಿ ಗಾಳಿ ಹೊರಹಾಕುವ ಎರಡನೇ ವೈಬ್ರೇಟರ್ ಚಾಲೂ ಇದೆಯೇ. ಕೊನೆಯದು ತಮಾಷೆಯಲ್ಲ. ಕಾಂಕ್ರೀಟ್ ಒಳಗೆ ಶೇ. 5ರಷ್ಟು ಗಾಳಿ ಗುಳ್ಳೆ ಉಳಿದರೆ ಬಲ ಶೇ. 30ರಷ್ಟು ಇಳಿಯಬಹುದು. ನಡುವೆ ವೈಬ್ರೇಟರ್ ಕೈಕೊಟ್ಟರೆ ಬದಲಿಗೆ ಕೋಲಿನಿಂದ ಚುಚ್ಚುತ್ತಾ ಕೂರಬೇಕಾಗುತ್ತದೆ.

ಕಾಂಕ್ರೀಟ್ ಗಟ್ಟಿಯಾಗಿದೆ. ಸ್ವಲ್ಪ ನೀರು ಹಾಕಿಕೊಳ್ಳಬಹುದಾ?

ಬೇಡ. ನೀರು ಮತ್ತು ಸಿಮೆಂಟಿನ ಅನುಪಾತವೇ ಬಲವನ್ನು ತೀರ್ಮಾನಿಸುತ್ತದೆ ಅಂತ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿದರು. ಮಿಕ್ಸ್ ಡಿಸೈನ್ ಒಪ್ಪಿದ ಮಿತಿಯೊಳಗೆ ಸೂಪರ್‌ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಕಾಂಕ್ರೀಟ್ ಸಡಿಲಿಸುವ ರಾಸಾಯನಿಕ) ಸೇರಿಸಿ, ಡ್ರಮ್ ಚೆನ್ನಾಗಿ ತಿರುಗಿಸಿ, ಮತ್ತೆ ಸ್ಲಂಪ್ ನೋಡಿ. ಲಾರಿ ಪ್ಲಾಂಟ್ ಬಿಟ್ಟ ಹೊತ್ತನ್ನೂ ಬರೆದುಕೊಳ್ಳಿ. ಮಿತಿ ಮೀರಿದ್ದರೆ ವಾಪಸ್ ಕಳಿಸಿ.

ಎಂ25 ಅಂದರೆ 25 ಬಂದರೆ ಸಾಕಲ್ವಾ?

ಇಲ್ಲ. ತುಂಬ ಜನ ಎಡವುವುದು ಇಲ್ಲೇ. ಎಂ25 ಅನ್ನುವುದು ಕಾಂಕ್ರೀಟಿನ ದರ್ಜೆ; 25 ಅಂದರೆ 28 ದಿನಕ್ಕೆ ಬರಬೇಕಾದ ಬಲ, ಚದರ ಮಿಮೀಗೆ ನ್ಯೂಟನ್ ಲೆಕ್ಕದಲ್ಲಿ. ಅದು ಸರಾಸರಿ ಅಲ್ಲ; ಫಲಿತಾಂಶಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಅದಕ್ಕಿಂತ ಕೆಳಗೆ ಬೀಳಬಾರದು ಅನ್ನುವ ಮಟ್ಟ. ಕಾಂಕ್ರೀಟ್ ಪ್ರತಿ ಸಲ ಒಂದೇ ಥರ ಬರುವುದಿಲ್ಲ. ಹಾಗಾಗಿ ಗುರಿ ಇನ್ನೂ ಮೇಲೆ ಇರಬೇಕು. ಏರಿಳಿತದ ಅಳತೆಯಾದ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು 1.65ರಿಂದ ಗುಣಿಸಿ 25ಕ್ಕೆ ಕೂಡಿಸಬೇಕು. ಅದು 4 ಇದ್ದರೆ ಗುರಿ 31.6. ಒಳ್ಳೆಯ ನಿಯಂತ್ರಣದಿಂದ ಅದನ್ನು 3ಕ್ಕೆ ಇಳಿಸಿದರೆ ಗುರಿ ಸುಮಾರು 30 ಆದರೂ ಸಾಕು. ಆ ವ್ಯತ್ಯಾಸದಷ್ಟು ಸಿಮೆಂಟ್ ಉಳಿಯುತ್ತದೆ. ಕ್ಯೂಸಿ ಬರೀ ಖರ್ಚು ಅನ್ನುವವರಿಗೆ ನಾನು ಕೊಡುವ ಉತ್ತರ ಈ ಲೆಕ್ಕ.

ಕ್ಯೂಬ್ ಎಷ್ಟು ತೆಗೆಯಬೇಕು?

ಕ್ಯೂಬ್ ಅಂದರೆ ಬಲ ನೋಡಲು ಅಚ್ಚಿನಲ್ಲಿ ತುಂಬಿ ಆಮೇಲೆ ಒಡೆಯುವ ಕಾಂಕ್ರೀಟ್ ತುಂಡು. ನಿಮ್ಮ ಕೋಡ್ ಹೇಳಿದಷ್ಟು, ಅನುಮಾನ ಬಂದರೆ ಇನ್ನಷ್ಟು. ಉದಾಹರಣೆಗೆ ಭಾರತದ ಕಾಂಕ್ರೀಟ್ ಕೋಡ್ ಐಎಸ್ 456 ಪ್ರಕಾರ 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 15ರವರೆಗೆ ಎರಡು, 30ರವರೆಗೆ ಮೂರು, 50ರವರೆಗೆ ನಾಲ್ಕು, ಅದರಾಚೆ ಪ್ರತಿ 50ಕ್ಕೆ ಇನ್ನೊಂದು. ಒಂದು ಸ್ಯಾಂಪಲ್ ಅಂದರೆ ಮೂರು ಕ್ಯೂಬ್. 7 ದಿನಕ್ಕೂ ಒಡೆದು ನೋಡಬೇಕಾದರೆ ಅದಕ್ಕೆ ಬೇರೆ ಕ್ಯೂಬ್ ತೆಗೆಯಬೇಕು. ಅಮೆರಿಕದಂಥ ಕಡೆ 150 ಮಿಮೀ ಕ್ಯೂಬ್ ಬದಲು ಸಿಲಿಂಡರ್ ಬಳಸುತ್ತಾರೆ. ಅದೇ ಕಾಂಕ್ರೀಟಿಗೆ ಸಿಲಿಂಡರ್ ಬಲ ಕ್ಯೂಬಿನದರ ಶೇ. 80ರ ಆಸುಪಾಸು ಬರುತ್ತದೆ. ಎರಡೂ ಅಂಕಿಗಳನ್ನು ಬೆರೆಸಬೇಡಿ.

ಕ್ಯೂಬ್ ಪಾಸ್ ಆದರೆ ಸ್ಲಾಬ್ ಚೆನ್ನಾಗಿದೆ ಅಂತ ಅರ್ಥ ತಾನೇ?

ಬಂದ ಕಾಂಕ್ರೀಟ್ ಚೆನ್ನಾಗಿತ್ತು ಅಂತ ಅರ್ಥ, ಅಷ್ಟೇ. ಕ್ಯೂಬನ್ನು ಚೆನ್ನಾಗಿ ಕುಟ್ಟಿ, ನೀರಿನ ತೊಟ್ಟಿಯಲ್ಲಿ ಇಟ್ಟಿರುತ್ತೀರಿ. ಸ್ಲಾಬ್‌ಗೆ ಎರಡೇ ದಿನ ಕ್ಯೂರಿಂಗ್ ಮಾಡಿ ಬಿಟ್ಟಿದ್ದರೆ, ಕಾಲಂ ಬುಡದಲ್ಲಿ ಹನಿಕೂಂಬ್ (ಜಲ್ಲಿ ನಡುವೆ ಉಳಿದ ಟೊಳ್ಳು) ಇದ್ದರೆ, ಕ್ಯೂಬ್‌ಗೆ ಅದು ಗೊತ್ತಾಗುವುದಿಲ್ಲ. ಪರೀಕ್ಷೆ ಬರೆಯುವ ಹುಡುಗನ ಬದಲು ಅವನ ಅಣ್ಣನನ್ನು ಕೂರಿಸಿದ ಹಾಗೆ ವಿಶೇಷವಾಗಿ ತಯಾರು ಮಾಡಿದ ಕಾಂಕ್ರೀಟಿನಿಂದ ಕ್ಯೂಬ್ ತುಂಬಿಸುವವರೂ ಇದ್ದಾರೆ. ಲಾರಿಯ ಮಧ್ಯದ ಕಾಂಕ್ರೀಟ್‌ನಿಂದ, ಯಾವ ಲಾರಿ ಅಂತ ನೀವೇ ಆರಿಸಿ, ಎದುರಿಗೇ ತೆಗೆಸಿ.

28 ದಿನದ ಕ್ಯೂಬ್ ಫೇಲ್ ಆಗಿದೆ. ಒಡೆಯಬೇಕಾ?

ತಡೆಯಿರಿ. ಮೊದಲು ಪರೀಕ್ಷೆಯೇ ಸರಿಯಿತ್ತೇ ನೋಡಿ: ಕ್ಯೂಬಿನ ಆಕಾರ, ಒಡೆದ ರೀತಿ, ಯಂತ್ರದ ಕ್ಯಾಲಿಬ್ರೇಷನ್. ಆಮೇಲೆ ಆ ಕಾಂಕ್ರೀಟ್ ಎಲ್ಲಿ ಬಿದ್ದಿದೆ ಅಂತ ಗುರುತಿಸಿ. ಪೋರ್ ರೆಕಾರ್ಡ್‌ನಲ್ಲಿ (ಕಾಂಕ್ರೀಟ್ ಹಾಕಿದ ದಾಖಲೆಯಲ್ಲಿ) ಯಾವ ಲಾರಿ ಯಾವ ಜಾಗಕ್ಕೆ ಅಂತ ಬರೆದಿಲ್ಲದಿದ್ದರೆ ಇಡೀ ಸ್ಲಾಬ್ ಮೇಲೆ ಅನುಮಾನ ಬರುತ್ತದೆ. ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆಗಳು ದುರ್ಬಲ ಜಾಗ ಹುಡುಕಲು ನೆರವಾಗುತ್ತವೆ. ಅವನ್ನೇ ಅಂತಿಮ ಬಲದ ಅಂಕಿ ಅಂದುಕೊಳ್ಳಬೇಡಿ.

ನಂತರ ಕೋರ್, ಅಂದರೆ ಹಾಕಿದ ಕಾಂಕ್ರೀಟಿನಿಂದಲೇ ಕೊರೆದು ತೆಗೆದ ಸಿಲಿಂಡರ್ ತುಂಡು. ಐಎಸ್ 456 ಆಗಲಿ, ಅಮೆರಿಕದ ಎಸಿಐ 318 ಆಗಲಿ, ಮೂರು ಕೋರ್‌ಗಳ ಸರಾಸರಿ ಬೇಕಾದ ಬಲದ ಶೇ. 85 ಮುಟ್ಟಿ, ಯಾವ ಒಂದೂ ಶೇ. 75ಕ್ಕಿಂತ ಕೆಳಗಿಳಿಯದಿದ್ದರೆ ಒಪ್ಪುತ್ತವೆ. ಅದೂ ಆಗದಿದ್ದರೆ ವಿನ್ಯಾಸಕಾರರು ಸಿಕ್ಕ ಬಲಕ್ಕೇ ಲೆಕ್ಕ ಮಾಡಿ ನೋಡುತ್ತಾರೆ, ಬೇಕಾದರೆ ಲೋಡ್ ಟೆಸ್ಟ್ ಮಾಡಿಸುತ್ತಾರೆ. ಬಲಪಡಿಸುವುದು, ಒಡೆಯುವುದು ಆಮೇಲಿನ ಮಾತು. ಈ ತೀರ್ಮಾನ ಸೈಟ್ ಎಂಜಿನಿಯರ್ ತೆಗೆದುಕೊಳ್ಳುವಂಥದ್ದಲ್ಲ.

ಶಟರಿಂಗ್ ಬಿಚ್ಚಲು ದಿನ ಎಣಿಸಿದರೆ ಸಾಕಾ?

ಕೋಡ್‌ನ ದಿನಗಳು ಸಾಮಾನ್ಯ ಸಿಮೆಂಟ್, ಸಾಮಾನ್ಯ ಹವೆಗೆ. ಚಳಿಯಲ್ಲಿ, ಹಾರುಬೂದಿ ಬೆರೆಸಿದ ಸಿಮೆಂಟ್‌ನಲ್ಲಿ ಬಲ ನಿಧಾನಕ್ಕೆ ಬರುತ್ತದೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ವಿಲೋ ಐಲೆಂಡ್‌ನಲ್ಲಿ 1978ರ ಏಪ್ರಿಲ್ 27ರಂದು ಕೂಲಿಂಗ್ ಟವರ್ ಕಟ್ಟುವಾಗ ಮೇಲಿನ ಕಾಂಕ್ರೀಟ್ ಸುತ್ತು ಅಟ್ಟಣಿಗೆ ಸಮೇತ ಕಳಚಿ ಬಿತ್ತು. 51 ಕೆಲಸಗಾರರು ಸತ್ತರು. ಅಟ್ಟಣಿಗೆಯನ್ನು ಹಿಂದಿನ ದಿನ ಹಾಕಿದ ಕಾಂಕ್ರೀಟಿಗೇ ಬಿಗಿದಿದ್ದರು. ಅದಿನ್ನೂ ಭಾರ ಹೊರುವಷ್ಟು ಬಲಿತಿರಲಿಲ್ಲ. ಇಂಥ ಕಡೆ ಸೈಟ್‌ನಲ್ಲೇ, ಆ ಭಾಗದ ಪಕ್ಕದಲ್ಲೇ ಇಟ್ಟ ಕ್ಯೂಬ್ ಒಡೆದು ನೋಡಿ ಮುಂದಿನ ಹೆಜ್ಜೆ ಇಡಿ.

ಮಣ್ಣು ತುಂಬುವ ಕೆಲಸಕ್ಕೂ ಇಷ್ಟೆಲ್ಲ ಬೇಕಾ?

ಬೇಕು. ರಾಲ್ಫ್ ಪ್ರಾಕ್ಟರ್ 1933ರಲ್ಲಿ ಕೊಟ್ಟ ಪರೀಕ್ಷೆ ಇವತ್ತಿಗೂ ಆಧಾರ. ಯಾವ ತೇವದಲ್ಲಿ ಆ ಮಣ್ಣು ಅತಿ ಹೆಚ್ಚು ಒತ್ತಾಗಿ ಕೂರುತ್ತದೆ ಅಂತ ಲ್ಯಾಬ್‌ನಲ್ಲಿ ಕಂಡುಕೊಂಡು, ಸೈಟ್‌ನಲ್ಲಿ ಆ ಸಾಂದ್ರತೆಯ ಶೇ. 95ರಂಥ ಗುರಿ ಇಡುತ್ತಾರೆ. ತೆಳು ಪದರ ಹರಡಿ, ರೋಲರ್ ಓಡಿಸಿ, ಪ್ರತಿ ಪದರವನ್ನೂ ಪರೀಕ್ಷೆ ಮಾಡಿ ಮುಂದಿನದ್ದಕ್ಕೆ ಹೋಗಬೇಕು. ಒಂದು ಮೀಟರ್ ಒಟ್ಟಿಗೇ ಸುರಿದು ಮೇಲೆ ಪರೀಕ್ಷೆ ಮಾಡಿದರೆ ಮೇಲಿನ ಪದರವಷ್ಟೇ ಪಾಸಾಗುತ್ತದೆ.

ಸೈಟ್‌ನಲ್ಲೇ ಸಣ್ಣ ಬದಲಾವಣೆ ಮಾಡಿಕೊಳ್ಳಬಹುದಾ?

ವಿನ್ಯಾಸಕಾರರು ಲೆಕ್ಕ ಹಾಕಿ ಲಿಖಿತವಾಗಿ ಒಪ್ಪಿದರೆ ಮಾತ್ರ. ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್‌ನಲ್ಲಿ ಒಂದರ ಕೆಳಗೊಂದು ಎರಡು ನಡೆದಾರಿಗಳು ಚಾವಣಿಯಿಂದ ತೂಗುತ್ತಿದ್ದವು. ಮೂಲ ಡ್ರಾಯಿಂಗ್‌ನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದದ ರಾಡ್. ಕೂಡಿಸಲು ಸುಲಭ ಅಂತ ಅದನ್ನು ಎರಡು ತುಂಡು ಮಾಡಿದರು: ಒಂದು ಚಾವಣಿಯಿಂದ ಮೇಲಿನದಕ್ಕೆ, ಇನ್ನೊಂದು ಮೇಲಿನದರಿಂದ ಕೆಳಗಿನದಕ್ಕೆ. ಕೆಳಗಿನ ನಡೆದಾರಿಯ ಭಾರವೂ ಮೇಲಿನ ತೊಲೆಯ ನಟ್ ಮೇಲೆ ಬಿತ್ತು, ಅಂದರೆ ಎರಡು ಪಟ್ಟು. 1981ರ ಜುಲೈ 17ರಂದು ಅದು ಕುಸಿದು 114 ಮಂದಿ ಸತ್ತರು. ಬದಲಾವಣೆಯ ಡ್ರಾಯಿಂಗ್‌ಗೆ ಒಪ್ಪಿಗೆಯ ಮುದ್ರೆ ಬಿದ್ದಿತ್ತು. ಲೆಕ್ಕ ಮಾತ್ರ ಯಾರೂ ಹಾಕಿರಲಿಲ್ಲ.

ಎನ್‌ಸಿಆರ್ ಬರೆದರೆ ಗುತ್ತಿಗೆದಾರರ ಜೊತೆ ಸಂಬಂಧ ಕೆಡುತ್ತದಲ್ಲ?

ಎನ್‌ಸಿಆರ್ ಅಂದರೆ ಸ್ಪೆಸಿಫಿಕೇಷನ್‌ಗೆ ಹೊಂದದ ಕೆಲಸದ ಬಗ್ಗೆ ಬರೆಯುವ ವರದಿ. ಎಲ್ಲದಕ್ಕೂ ಬರೆದರೆ ಕೆಡುತ್ತದೆ. ಅಲ್ಲೇ ಒಂದು ಗಂಟೆಯಲ್ಲಿ ಸರಿ ಮಾಡುವಂಥದ್ದನ್ನು ಬಾಯಲ್ಲಿ ಹೇಳಿ, ಡೈರಿಯಲ್ಲಿ ಬರೆದು ಮುಗಿಸಿ. ಕೆಲಸ ಆಗಿಹೋಗಿದ್ದು, ಸ್ಪೆಸಿಫಿಕೇಷನ್‌ಗೆ ಹೊಂದದೆ, ಯಾರಾದರೂ ತೀರ್ಮಾನ ತೆಗೆದುಕೊಳ್ಳಲೇಬೇಕಾದದ್ದಕ್ಕೆ ಎನ್‌ಸಿಆರ್. ಅದರಲ್ಲಿ ಬೈಗುಳ ಬೇಡ. ಏನು ಬೇಕಿತ್ತು, ಏನಿದೆ, ಎಲ್ಲಿ, ಎಷ್ಟು. ಆಮೇಲೆ ತೀರ್ಮಾನ: ಮತ್ತೆ ಮಾಡುವುದು, ರಿಪೇರಿ, ಇದ್ದಂತೆ ಒಪ್ಪುವುದು, ಇಲ್ಲವೇ ತೆಗೆದುಹಾಕುವುದು. ಒಂದೇ ತಪ್ಪು ಮೂರನೇ ಸಲ ಬಂದರೆ ತೊಂದರೆ ಕೆಲಸಗಾರರಲ್ಲಿ ಇರುವುದಕ್ಕಿಂತ ವಿಧಾನದಲ್ಲೋ ಡ್ರಾಯಿಂಗ್‌ನಲ್ಲೋ ಇರುವ ಸಾಧ್ಯತೆ ಜಾಸ್ತಿ.

ದಾಖಲೆಗಳನ್ನು ವಾರದ ಕೊನೆಗೆ ಒಟ್ಟಿಗೆ ಬರೆದರೆ ನಡೆಯುತ್ತಾ?

ನಡೆಯುವುದಿಲ್ಲ. ಹಾಂಗ್‌ಕಾಂಗ್‌ನ ಹಂಗ್ ಹೋಮ್ ಮೆಟ್ರೋ ನಿಲ್ದಾಣದಲ್ಲಿ ಕಪ್ಲರ್‌ಗೆ (ಎರಡು ಕಂಬಿ ಜೋಡಿಸುವ ತೋಳಿಗೆ) ತಿರುಗಿಸಬೇಕಾದ ಕಂಬಿಗಳ ಥ್ರೆಡ್ ಕತ್ತರಿಸಿದ್ದಾರೆ ಅಂತ 2018ರಲ್ಲಿ ದೂರು ಎದ್ದಿತು. ಕೆಲಸ ನಡೆದಾಗಲೇ ಬರೆದ ತಪಾಸಣೆ ದಾಖಲೆಗಳು ಸರಿಯಾಗಿ ಸಿಗಲಿಲ್ಲ. ಕೊನೆಗೆ ಕಾಂಕ್ರೀಟ್ ಒಡೆದು ಕಂಬಿ ನೋಡಬೇಕಾಯಿತು. ಫೋಟೋ ತೆಗೆಯುವಾಗ ಜಾಗದ ಗುರುತು, ದಿನಾಂಕ, ಟೇಪ್ ಕಾಣುವಂತೆ ತೆಗೆಯಿರಿ. ಬರೀ ಕಂಬಿ ಕಾಣುವ ಫೋಟೋ ಯಾವ ಸ್ಲಾಬಿನದ್ದೋ ಯಾರಿಗೆ ಗೊತ್ತು?

ಥರ್ಡ್ ಪಾರ್ಟಿ ತಪಾಸಣೆ ಇದೆ. ನಾವು ನಿಶ್ಚಿಂತೆಯಾಗಿರಬಹುದಾ?

ಲಾಸ್ ವೇಗಸ್‌ನ ಹಾರ್ಮನ್ ಟವರ್‌ಗೂ ಹೊರಗಿನ ತಪಾಸಣೆ ಇತ್ತು. ಕಂಬಿ ತಪ್ಪಾಗಿ ಕೂಡಿಸಿದ್ದು 2008ರಲ್ಲಿ ಹೊರಬರುವ ಹೊತ್ತಿಗೆ ಹಲವು ಅಂತಸ್ತು ಎದ್ದಿದ್ದವು. ಎತ್ತರ ಕಡಿಮೆ ಮಾಡಿದರು, ಆಮೇಲೆ ಕೆಲಸವನ್ನೇ ನಿಲ್ಲಿಸಿದರು. ಒಬ್ಬ ಅತಿಥಿಯೂ ಉಳಿಯದೆ 2015ರ ಹೊತ್ತಿಗೆ ಅದನ್ನು ಪೂರ್ತಿ ಕೆಡವಿದರು. ಹೊರಗಿನವರ ಸಹಿ ನಿಮ್ಮ ತಪಾಸಣೆಗೆ ಬದಲಿ ಅಲ್ಲ.

ಒಂದೇ ಮನೆಯ ಕೆಲಸ. ಕ್ಯೂಸಿ ತಂಡ ಇಡಲು ಆಗಲ್ಲ. ಏನು ಮಾಡಲಿ?

ಐದು ಕಡೆ ಮಾತ್ರ ಕೆಲಸ ನಿಲ್ಲಿಸಿ ಎಂಜಿನಿಯರ್ ಕರೆಸಿ: ಅಡಿಪಾಯದ ಗುಂಡಿ ತೋಡಿದಾಗ, ಫೂಟಿಂಗ್ ಕಂಬಿ ಕಟ್ಟಿದಾಗ, ಪ್ರತಿ ಸ್ಲಾಬ್ ಹಾಕುವ ಹಿಂದಿನ ದಿನ, ಪೈಪ್ ಮುಚ್ಚುವ ಮುಂಚೆ, ಬಾತ್‌ರೂಮ್ ಟೈಲ್ಸ್‌ಗೆ ಮುಂಚೆ. ಈ ಭೇಟಿಗಳನ್ನು ಒಪ್ಪಂದದಲ್ಲೇ ಬರೆಸಿ. ಕ್ಯೂರಿಂಗ್ ಮಾತ್ರ ದಿನವೂ ನೀವೇ ನೋಡಬಹುದು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಅಥವಾ ಸ್ಲ್ಯಾಗ್ ಬೆರೆಸಿದ್ದಕ್ಕೆ 10 ದಿನ, ಬಿಸಿಲು ಜೋರಿದ್ದರೆ ಇನ್ನೂ ಜಾಸ್ತಿ. ಗೋಣಿ ಒಣಗಬಾರದು.

ಹಸ್ತಾಂತರದ ಹೊತ್ತಿಗೆ ಸ್ನ್ಯಾಗ್ ಲಿಸ್ಟ್ ಉದ್ದವಾಗದಂತೆ ಏನು ಮಾಡಬಹುದು?

ಸ್ನ್ಯಾಗ್ ಲಿಸ್ಟ್ ಅಂದರೆ ಉಳಿದ ಸಣ್ಣಪುಟ್ಟ ದೋಷಗಳ ಪಟ್ಟಿ. ಒಂದೊಂದು ಕೋಣೆ ಅಥವಾ ಅಂತಸ್ತು ಮುಗಿದಂತೆಲ್ಲ ಆ ಪಟ್ಟಿ ಮಾಡಿ, ಆ ತಂಡ ಸೈಟ್ ಬಿಟ್ಟು ಹೋಗುವ ಮುಂಚೆ ಸರಿ ಮಾಡಿಸಿ. ಒಂದೇ ಬಾಗಿಲನ್ನು ಬಡಗಿ, ಪೇಂಟರ್, ಎಲೆಕ್ಟ್ರೀಷಿಯನ್ ಮೂವರೂ ಮುಟ್ಟಿರುತ್ತಾರೆ, ಗೀರು ಯಾರದು ಅಂತ ಕೊನೆಗೆ ಯಾರೂ ಒಪ್ಪುವುದಿಲ್ಲ. ಕೊನೆಯ ಬಿಲ್ ಜೊತೆಗೆ ಪರೀಕ್ಷೆಯ ವರದಿಗಳು, ವಾರಂಟಿ ಕಾಗದ, ಗೋಡೆಯೊಳಗಿನ ಪೈಪ್ ಮತ್ತು ವೈರ್ ನಿಜಕ್ಕೂ ಎಲ್ಲಿ ಹೋಗಿವೆ ಅಂತ ತೋರಿಸುವ ಡ್ರಾಯಿಂಗ್ ಕೇಳಿ ಪಡೆಯಿರಿ. ಹಣ ಕೊಟ್ಟ ಮೇಲೆ ಅವನ್ನು ಕೇಳಿದರೆ ಸಿಗುವುದು ಕಷ್ಟ.